ಎಂಟು ವಾರದ ಹುಂಜ

ಕೋಳಿ ಕೊಲ್ಲುವಾಗ ಕಿಟ್ಟಣ್ಣ ಚಾಕು ಹಿಡಿಯುತ್ತಿರಲಿಲ್ಲ. ಎಡಗೈಯಲ್ಲಿ ಎರಡೂ ಕಾಲು, ಬಲಗೈಯ ಬೆರಳುಗಳ ನಡುವೆ ತಲೆ, ಒಂದು ಎಳೆತ, ಒಂದು ತಿರುವು. ಟಕ್ ಎಂಬ ಸಣ್ಣ ಸದ್ದು ಬರುತ್ತಿತ್ತು. ಆಮೇಲೂ ರೆಕ್ಕೆಗಳು ಸ್ವಲ್ಪ ಹೊತ್ತು ಬಡಿದುಕೊಳ್ಳುತ್ತಿದ್ದವು, ಆದರೆ ಅಷ್ಟರಲ್ಲಿ ಅವನು ಮುಂದಿನದಕ್ಕೆ ಕೈ ಹಾಕಿರುತ್ತಿದ್ದ. ಒಂದು ಭಾನುವಾರ ನಾನು ಒಂದು ಲೋಟ ಕಾಫಿ ಕುಡಿದು ಮುಗಿಸುವುದರೊಳಗೆ ಒಂಬತ್ತು ಹುಂಜಗಳ ಕತ್ತು ಮುರಿದು ಸಾಲಾಗಿ ಮಲಗಿಸಿದ್ದ. ಒಂಬತ್ತಕ್ಕೂ ಎಂಟೇ ವಾರ ವಯಸ್ಸು. ಒಂಬತ್ತನ್ನೂ ಮೊಟ್ಟೆಯಿಂದ ಹೊರಗೆ ಬರಿಸಿದ್ದು ಇದೇ ಕೈ. ಆದರೂ ಮರುವಾರ ಮತ್ತೆ ಹೋದೆ. ಸ್ನೇಹ ಅಂದರೆ ಹಾಗೇ ಇರುತ್ತದೆ.

ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ.

ಕಿಟ್ಟಣ್ಣ ಕುಂದಾಪುರದ ಕಡೆಯವನು, ನಾನೂ ಆ ಕಡೆಯವನೇ. ಮದ್ರಾಸಿನ ಕೀಲ್ಪಾಕಿನಲ್ಲಿ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅವನು ಇಪ್ಪತ್ತಾರು ವರ್ಷ ದೋಸೆಕಲ್ಲಿನ ಮುಂದೆ ನಿಂತ. ನಾನು ಕ್ಯಾಶಿನಲ್ಲಿ ಕೂತೆ. ಧಣಿಗಳು ಮಡಿವಂತರು. ಹೋಟೆಲಿನ ಹುಡುಗರು ಇರುವ ಕೋಣೆಗಳಲ್ಲಿ ಆಮ್ಲೆಟ್‌ನ ವಾಸನೆ ಬಂದರೂ ಕೆಲಸ ಹೋದ ಹಾಗೆ. ಅದಕ್ಕೇ ಕಿಟ್ಟಣ್ಣ ಪಲ್ಲಾವರಂನಲ್ಲಿ ಒಂದು ತಾರಸಿಯ ತಗಡಿನ ಕೋಣೆ ಹಿಡಿದಿದ್ದ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಮೊಟ್ಟೆ ಮಗುಚಿ, ಎರಡು ಬಕೆಟ್ ನೀರು ಸುರಿದುಕೊಂಡು, ವಿಭೂತಿ ಎಳೆದು ಲೋಕಲ್ ರೈಲು ಹತ್ತುತ್ತಿದ್ದ. ಧಣಿಗಳಿಗೆ ಅವನಷ್ಟು ಶುದ್ಧ ಮನುಷ್ಯ ಇಡೀ ಮದ್ರಾಸಿನಲ್ಲಿ ಇರಲಿಲ್ಲ.

ಮರಿ ಮಾಡಿಸಲು ಅವನ ಹತ್ತಿರ ಇದ್ದದ್ದು ಮೀನು ಸಾಗಿಸುವ ಒಂದು ಥರ್ಮಾಕೋಲ್ ಪೆಟ್ಟಿಗೆ. ಒಳಗೆ ಒಂದು ಬಲ್ಬು, ಹಳೆಯ ಕಂಪ್ಯೂಟರಿನ ಫ್ಯಾನು, ಬಿಸಿ ಹೆಚ್ಚಾದರೆ ಬಲ್ಬನ್ನು ತಾನೇ ಆರಿಸುವ ಒಂದು ಸಣ್ಣ ಸಲಕರಣೆ, ಗಾಳಿ ಒಣಗದಿರಲು ಬಟ್ಟಲಲ್ಲಿ ನೀರು. ಮೂವತ್ತೇಳೂವರೆ ಡಿಗ್ರಿ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಗೀಟು, ಇನ್ನೊಂದು ಬದಿಗೆ ಸೊನ್ನೆ. ದಿನಕ್ಕೆ ಮೂರು ಸಲ ಮಗುಚಬೇಕು, ಇಲ್ಲದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿ ಸಾಯುತ್ತದೆ. ಹದಿನೆಂಟನೆಯ ದಿನ ಮಗುಚುವುದನ್ನು ನಿಲ್ಲಿಸಬೇಕು. ಇಪ್ಪತ್ತೊಂದನೆಯ ದಿನ ಮರಿ ತಾನೇ ಒಡೆದುಕೊಂಡು ಬರುತ್ತದೆ. ಎಷ್ಟೇ ಒದ್ದಾಡಿದರೂ, ಎಷ್ಟೇ ಕೂಗಿದರೂ ಚಿಪ್ಪು ಬಿಡಿಸಲು ಹೋಗಬಾರದು. ನಾನು ಒಮ್ಮೆ ಕನಿಕರಪಟ್ಟು ಉಗುರಿನಿಂದ ಒಂದು ಚೂರು ಕಿತ್ತೆ. ಅಂಚಿನಿಂದ ರಕ್ತ ಜಿನುಗಿತು, ಸಂಜೆಯೊಳಗೆ ಮರಿ ಸತ್ತಿತು. ಆ ದಿನ ಕಿಟ್ಟಣ್ಣ ನನಗೆ ಬೈದ ಬೈಗುಳಗಳನ್ನು ಅಚ್ಚು ಹಾಕಿಸುವ ಹಾಗಿಲ್ಲ.

ಅವನದೊಂದು ಹಟ ಇತ್ತು. ಹೇಂಟೆಗಳನ್ನು ಮಾತ್ರ ಮಾರುತ್ತಿದ್ದ. ಎಂಟು ವಾರಕ್ಕೆ ಜುಟ್ಟು ಕೆಂಪಾಗಿ, ಇದು ಹುಂಜ ಎಂದು ಖಾತ್ರಿಯಾದರೆ ಅದೇ ಭಾನುವಾರ ಕತ್ತು ಮುರಿದು ಕೆಳಗಿನ ಮನೆಯವರಿಗೆ ಸಾರು ಮಾಡಲು ಕೊಡುತ್ತಿದ್ದ. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಕಾದಾಟಕ್ಕೆ ಕೋಳಿ ಹುಡುಕುವವರು ಅವನ ಹುಂಜಮರಿಗಳನ್ನು ಕೇಳಿ ಕೇಳಿ ಸೋತರು. ಒಬ್ಬ ಅಂತೂ ಮನೆಯವರೆಗೆ ಬಂದು ಪಂಜರಕ್ಕೆ ಕೈ ಹಾಕಿದ. ಕಿಟ್ಟಣ್ಣ ಅವನ ಕೈಯನ್ನು ಪಂಜರದ ಬಾಗಿಲಿಗೆ ಸಿಕ್ಕಿಸಿ ಒತ್ತಿ ಹಿಡಿದ. ಆ ಮನುಷ್ಯ ಬಿಡಿಸಿಕೊಂಡು ಮೆಟ್ಟಿಲಿಳಿಯುವಾಗ ಅಳುತ್ತಿದ್ದ. ಯಾಕಪ್ಪ ಇಷ್ಟು ಸಿಟ್ಟು ಎಂದು ನಾನು ಕೇಳಿದ್ದಕ್ಕೆ ಅವನು ಪಂಜರದ ಬಾಗಿಲಿಗೆ ತಂತಿ ಸುತ್ತತೊಡಗಿದ. ನಾನೂ ಮತ್ತೆ ಕೇಳಲಿಲ್ಲ.

ಅವನ ಅಣ್ಣ ರಘುರಾಮ ಕೋಳಿ ಅಂಕದಲ್ಲಿ ಸತ್ತವನು ಎಂದು ಊರಿನವನಾದ ನನಗೆ ಗೊತ್ತಿತ್ತು. ನಮ್ಮ ಕಡೆ ಅಂಕದ ಹುಂಜದ ಕಾಲಿಗೆ ಬಾಳು ಕಟ್ಟುತ್ತಾರೆ, ಬೆರಳುದ್ದದ, ಕೂದಲು ಸೀಳುವಷ್ಟು ಹರಿತವಾದ ಚೂರಿ. ಅಣ್ಣನ ಕೋಳಿಗೆ ಬಾಳು ಕಟ್ಟಿದವನು ಕಿಟ್ಟಣ್ಣನೇ. ಸುತ್ತ ಮೂರು ಗ್ರಾಮದಲ್ಲಿ ಅವನಂಥ ಕಟ್ಟುಗಾರ ಇರಲಿಲ್ಲವಂತೆ. ಆ ದಿನ ಕಾದಾಟದ ನಡುವೆ ರಘುರಾಮ ಕೋಳಿಯನ್ನು ಎತ್ತಿಕೊಳ್ಳಲು ಬಗ್ಗಿದ, ಕೋಳಿ ಹಾರಿತು, ಬಾಳು ತೊಡೆಯ ಸಂದಿಗೆ ಇಳಿಯಿತು. ಗದ್ದೆಯಿಂದ ರಸ್ತೆಗೆ ಹೊತ್ತುಕೊಂಡು ಬರುವುದರೊಳಗೆ ಮೈಯಲ್ಲಿ ರಕ್ತ ಉಳಿದಿರಲಿಲ್ಲ. ಹದಿನಾಲ್ಕು ದಿನದ ಕಾರ್ಯ ಮುಗಿಸಿ ಕಿಟ್ಟಣ್ಣ ಬಸ್ಸು ಹತ್ತಿದವನು ಮತ್ತೆ ಊರಿಗೆ ಕಾಲಿಡಲಿಲ್ಲ. ಅತ್ತಿಗೆ ರತ್ನಾವತಿಗೆ ತಿಂಗಳು ತಿಂಗಳು ಕೈಲಾದದ್ದು ಕಳಿಸುತ್ತಿದ್ದ. ಆಗ ತೊಟ್ಟಿಲಲ್ಲಿದ್ದ ಅವಳ ಮಗ ಚರಣ್ ಬೆಳೆದು ದೊಡ್ಡವನಾಗಿ ನಮ್ಮ ಹೋಟೆಲಿಗೇ ಸ್ಟೋರ್ ನೋಡಿಕೊಳ್ಳಲು ಬಂದ.

ಬರುವಾಗ ಅವನು ಚಿಕ್ಕಪ್ಪನಿಗೆ ತಂದದ್ದು ಹಲಸಿನ ಹಪ್ಪಳವಲ್ಲ. ಉಮಿ ತುಂಬಿದ ಸ್ಟೀಲ್ ಡಬ್ಬದಲ್ಲಿ ಆರು ಮೊಟ್ಟೆ. ತಂದೆಯ ಕೋಳಿಯ ತಳಿಯನ್ನು ರತ್ನಾವತಿ ಇಷ್ಟು ವರ್ಷವೂ ಹಿತ್ತಲಲ್ಲಿ ಉಳಿಸಿಕೊಂಡು ಬಂದಿದ್ದಳಂತೆ.

"ಅಪ್ಪಯ್ಯನ್ ಕಾಲದ್ ಜಾತಿ, ಚಿಕ್ಕಪ್ಪ," ಎಂದ ಚರಣ್. "ಹೇಂಟೆ ಕಾವಿಗೆ ಕೂರ್ತಾ ಇಲ್ಲ. ನಿಮ್ಮತ್ರ ಕೊಡು ಅಂದ್ರ್ ಅಮ್ಮ."

ಕಿಟ್ಟಣ್ಣನ ಮುಖ ಸುಣ್ಣದಂತಾಯಿತು. ಒಲ್ಲೆ ಎನ್ನುತ್ತಾನೆ ಅಂದುಕೊಂಡೆ. ಅವನು ಡಬ್ಬ ತೆಗೆದುಕೊಂಡ. ಬಸ್ಸಿನಲ್ಲಿ ಕುಲುಕಿದ ಮೊಟ್ಟೆ ಎಂದು ಒಂದು ದಿನ ಚೂಪು ತುದಿ ಕೆಳಗೆ ಮಾಡಿ ಹಾಗೇ ಇಟ್ಟ, ಆಮೇಲೆ ಪೆಟ್ಟಿಗೆಗೆ ಸೇರಿಸಿದ. ಏಳನೆಯ ದಿನ ಮೊಬೈಲಿನ ಟಾರ್ಚ್ ಹಿಡಿದು ನೋಡಿದೆವು. ಒಂದು ಬರಡು. ಒಂದರಲ್ಲಿ ರಕ್ತ ಉಂಗುರದ ಹಾಗೆ ನಿಂತುಬಿಟ್ಟಿತ್ತು, ಅಂದರೆ ಒಳಗೆ ಸತ್ತಿದೆ. ನಾಲ್ಕರಲ್ಲಿ ಕೆಂಪು ನರಗಳು ಹರಡಿ, ನಡುವೆ ಒಂದು ಚುಕ್ಕೆ ಜಿಗಿಯುತ್ತಿತ್ತು. ಚರಣ್ ಮಗುವಿನ ಹಾಗೆ ನಕ್ಕ. ಕಿಟ್ಟಣ್ಣ ನಗಲಿಲ್ಲ.

ಇಪ್ಪತ್ತೊಂದನೆಯ ಬೆಳಿಗ್ಗೆ ನಾಲ್ಕೂ ಒಡೆದವು. ಹುಟ್ಟಿದ ಮೂರನೆಯ ವಾರಕ್ಕೇ ಆ ಮರಿಗಳು ತಮ್ಮ ಜಾತಿ ತೋರಿಸಿದವು. ಒಂದರ ಬೆನ್ನಿನ ಪುಕ್ಕ ಕಿತ್ತು ಒಂದು ಹನಿ ರಕ್ತ ಕಂಡದ್ದೇ ತಡ, ಉಳಿದ ಮೂರೂ ಅದರ ಮೇಲೆ ಬಿದ್ದವು. ನಾವು ಹೋಟೆಲಿನಿಂದ ಬಂದು ನೋಡುವಾಗ ಆ ಮರಿಯ ಬೆನ್ನು ಬಗೆದು ಕರುಳು ಎಳೆದಾಡುತ್ತಿದ್ದವು, ಅದು ಇನ್ನೂ ಉಸಿರಾಡುತ್ತಿತ್ತು. ಕಿಟ್ಟಣ್ಣ ಅದರ ಕತ್ತು ಮುರಿದು, ಉಳಿದವನ್ನು ಬೇರೆ ಬೇರೆ ಪಂಜರಕ್ಕೆ ಹಾಕಿದ. ಬೆಳೆದಂತೆ ಅವುಗಳಲ್ಲಿ ಒಂದು ಹೇಂಟೆ, ಎರಡು ಹುಂಜ ಎಂದು ಗೊತ್ತಾಯಿತು.

ಎಂಟು ವಾರ ತುಂಬಿದ ಭಾನುವಾರ ಚರಣ್ ಮುಂಚೆಯೇ ಬಂದು ಪಂಜರಗಳ ಮುಂದೆ ನಿಂತಿದ್ದ. ಇವನ್ನು ಕೊಲ್ಲಬೇಡಿ, ಇವು ನಿಮ್ಮ ಕೋಳಿಗಳಲ್ಲ, ನನ್ನ ಅಪ್ಪಯ್ಯನವು ಎಂದು ಬೇಡಿಕೊಂಡ. ಕಿಟ್ಟಣ್ಣ ಅವನನ್ನು ಪಕ್ಕಕ್ಕೆ ತಳ್ಳಿ ಮೊದಲನೆಯದನ್ನು ತೆಗೆದು, ಅವನ ಕಣ್ಣೆದುರೇ ಟಕ್ ಎನಿಸಿದ. ಎರಡನೆಯದಕ್ಕೆ ಕೈ ಹಾಕುವಾಗ ಚರಣ್ ಅವನ ಮಣಿಕಟ್ಟು ಹಿಡಿದ. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿ ಗೋಡೆಗೆ ಬಡಿದರು, ನೀರಿನ ಡ್ರಮ್ಮು ಉರುಳಿತು, ಕಿಟ್ಟಣ್ಣನ ಹಣೆ ತಗಡಿನ ಅಂಚಿಗೆ ತಾಗಿ ಸೀಳಿತು. ಕಣ್ಣಿಗೆ ರಕ್ತ ಇಳಿದು ಅವನಿಗೆ ಏನೂ ಕಾಣದಾದಾಗ ಚರಣ್ ಹುಂಜವನ್ನು ಅಂಗಿಯೊಳಗೆ ಸೇರಿಸಿಕೊಂಡು ಓಡಿದ. ನಾನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕಿಟ್ಟಣ್ಣನ ಮೇಲೇ ಸಿಟ್ಟು ಬಂದಿತ್ತು. ಒಂದು ಹಕ್ಕಿಯನ್ನು ಬಿಟ್ಟುಕೊಡಲಾರದ ಮನುಷ್ಯ ಎಂಥ ಚಿಕ್ಕಪ್ಪ ಎನಿಸಿತ್ತು.

ಚಿಕ್ಕಪ್ಪ, ಅಣ್ಣನ ಮಗ ಇಬ್ಬರೂ ಒಂದೇ ಹೋಟೆಲಿನಲ್ಲಿ ಒಂದು ವರ್ಷ ಮಾತಿಲ್ಲದೆ ಕಳೆದರು. ಸ್ಟೋರಿನಿಂದ ಅಕ್ಕಿ, ಉದ್ದು ಬೇಕಾದರೆ ಕಿಟ್ಟಣ್ಣ ನನ್ನ ಕೈಲಿ ಹೇಳಿ ಕಳಿಸುತ್ತಿದ್ದ. ಮರುವರ್ಷ ಪೊಂಗಲ್ ಮುಗಿದ ವಾರ ಚರಣ್ ನನಗೆ ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಬೆಂಕಿ ಬಣ್ಣದ ಹುಂಜ, ಕಪ್ಪು ಬಾಲ, ಕುತ್ತಿಗೆ ಸೆಟೆದು ನಿಂತಿತ್ತು. ಚೆಂಗಲ್ಪಟ್ಟಿನ ಆಚೆ ಒಬ್ಬ ಗೆಳೆಯನ ತೋಟದಲ್ಲಿ ಸಾಕಿದ್ದನಂತೆ. ಭಾನುವಾರ ಅಲ್ಲೇ ತೆಂಗಿನ ತೋಪಿನಲ್ಲಿ ಕದ್ದುಮುಚ್ಚಿ ಕಾದಾಟ, ಬಾಳು ಕಟ್ಟಿಯೇ ಆಡುವುದು, ನೀವೂ ಬನ್ನಿ ಎಂದ. ನಾನು ನೆಟ್ಟಗೆ ಹೋಗಿ ಕಿಟ್ಟಣ್ಣನಿಗೆ ಹೇಳಿದೆ. ದೋಸೆಕಲ್ಲಿನ ಮೇಲೆ ಅವನ ಕೈ ನಿಂತುಹೋಯಿತು, ಎರಡು ದೋಸೆ ಕರಿಯಾದವು. ಇಪ್ಪತ್ತಾರು ವರ್ಷದಲ್ಲಿ ನಾನು ಅವನ ಕಲ್ಲಿನ ಮೇಲೆ ಕರಿ ದೋಸೆ ನೋಡಿದ್ದು ಅದೊಂದೇ ಸಲ.

ಭಾನುವಾರ ಮಧ್ಯಾಹ್ನ ಇಬ್ಬರೂ ತೋಪಿಗೆ ಹೋದೆವು. ನೂರಾರು ಜನ, ಸಾರಾಯಿಯ ನಾತ, ಬಿಸಿಲು. ನಾವು ಮುಟ್ಟುವಾಗ ಒಂದು ಜೋಡಿ ಮುಗಿಯುತ್ತಿತ್ತು. ಬಿಳಿಯದರ ಹೊಟ್ಟೆ ಉದ್ದಕ್ಕೆ ತೆರೆದುಕೊಂಡಿತ್ತು. ತನ್ನದೇ ಕರುಳನ್ನು ತುಳಿದು ಜಾರಿ ಬಿದ್ದರೂ ಎದ್ದು ಎದುರಾಳಿಯ ಕಣ್ಣಿಗೆ ಕುಕ್ಕುತ್ತಿತ್ತು. ಜನ ಕುಣಿಯುತ್ತಿದ್ದರು. ಒಬ್ಬ ಬಂದು ರಕ್ತದ ಮೇಲೆ ಮರಳು ಎರಚಿದ. ಮುಂದಿನ ಸರದಿ ಚರಣ್‌ನದು. ಬಾಳು ಕಟ್ಟಬೇಕಾದ ಮುದುಕ ಕುಡಿದು ತೆಂಗಿನ ಬುಡಕ್ಕೆ ಒರಗಿದ್ದ, ಅವನ ಕೈ ನಡುಗುತ್ತಿತ್ತು.

ಕಿಟ್ಟಣ್ಣ ಕೈಮುಗಿದು ಕೇಳಿಕೊಂಡ, ಬೇಡ, ಮನೆಗೆ ನಡಿ ಎಂದ. ಚರಣ್ ಕೇಳಲಿಲ್ಲ. ಮುದುಕ ಆಗದಿದ್ದರೆ ತಾನೇ ಕಟ್ಟಿಕೊಳ್ಳುತ್ತೇನೆ ಎಂದು ಹಟ ಹಿಡಿದ. ಅವನಿಗೆ ಆ ಗಂಟಿನ ಗಂಧವೂ ಗೊತ್ತಿರಲಿಲ್ಲ. ಆಮೇಲೆ ಏನನ್ನಿಸಿತೋ, ದಾರ, ಬಾಳು ಎರಡನ್ನೂ ಚಿಕ್ಕಪ್ಪನ ಮುಂದೆ ಚಾಚಿದ. ವರ್ಷದ ಮುನಿಸು ಮರೆತವನ ಹಾಗೆ ಮುಖ ಮೃದುವಾಗಿತ್ತು.

"ನೀವೇ ಕಟ್ಟಿ ಚಿಕ್ಕಪ್ಪ," ಎಂದ. "ಅಪ್ಪಯ್ಯನ್ ಕೋಳಿಗೂ ನೀವೇ ಅಲ್ದಾ ಕಟ್ಟದ್ದ್."

ಕಿಟ್ಟಣ್ಣ ಅವನನ್ನೇ ನೋಡಿದ. ಆಮೇಲೆ ಮರಳ ಮೇಲೆ ಕೂತು ಹುಂಜದ ಎಡಗಾಲನ್ನು ಹಿಡಿದ. ಇಪ್ಪತ್ತಾರು ವರ್ಷ ಮುಟ್ಟದ ಕೆಲಸವನ್ನು ಬೆರಳುಗಳು ಮರೆತಿರಲಿಲ್ಲ. ಸುತ್ತಿ, ಅಡ್ಡ ಹಾಯಿಸಿ, ಹಲ್ಲಿನಿಂದ ದಾರ ಬಿಗಿದ. ಬಾಳು ಕಾಲಿಗೇ ಹುಟ್ಟಿಕೊಂಡ ಹಾಗೆ ಕೂತಿತು. ಕೋಳಿಯನ್ನು ಚರಣ್‌ನ ತೋಳಿಗೆ ಕೊಟ್ಟು ಎದ್ದು ನಿಂತ.

"ಇದ್ ಗಟ್ಟಿ ಗಂಟ್," ಎಂದ. "ಸಡ್ಲ ಗಂಟೂ ನಂಗೆ ಗೊತ್ತಿತ್ತ್. ಆ ದಿನ ಅಣ್ಣಯ್ಯನ್ ಕೋಳಿಗೆ ನಾನ್ ಸಡ್ಲ ಕಟ್ಟದೆ. ಬೇಕಂತ್ಲೇ ಕಟ್ಟದೆ."

ಸುತ್ತಲಿನ ಗಲಾಟೆಯಲ್ಲಿ ಚರಣ್‌ಗೆ ಮೊದಲು ಅರ್ಥವಾಗಲಿಲ್ಲ. ಕಿಟ್ಟಣ್ಣ ಒಂದೇ ಸಮನೆ ಹೇಳಿದ. ಆ ಬೆಳಿಗ್ಗೆ ರಘುರಾಮ ಅವನ ಕೆನ್ನೆಗೆ ಹೊಡೆದಿದ್ದ, ಅಂಕಕ್ಕೆ ಹೊರಟ ಇಪ್ಪತ್ತು ಜನರ ಎದುರು. ಕಾವಿಗೆ ಕೂತ ಹೇಂಟೆಯ ಬುಟ್ಟಿ ಮುಚ್ಚಿ ಕಲ್ಲು ಹೇರುವುದು ಕಿಟ್ಟಣ್ಣನ ಕೆಲಸ. ಹಿಂದಿನ ಸಂಜೆ ಬುಟ್ಟಿ ತೆರೆದೇ ಉಳಿದು, ಕೇರೆಹಾವು ನುಗ್ಗಿ ಅಂಕದ ತಳಿಯ ಹನ್ನೊಂದು ಮೊಟ್ಟೆಯನ್ನೂ ನುಂಗಿ ಹೋಗಿತ್ತು. ಇಪ್ಪತ್ತೆಂಟು ವರ್ಷದ ಗಂಡಸು ಹೊಡೆತ ತಿಂದು ನಿಂತ. ಅಣ್ಣನ ಕೋಳಿ ಸೋಲಲಿ, ಅವನ ಸೊಕ್ಕು ಮುರಿಯಲಿ ಅಂತ ಮಾತ್ರ ಅವನು ಗಂಟು ಸಡಿಲ ಬಿಟ್ಟದ್ದು. ಬಾಳು ಹೊರಕ್ಕೆ ತಿರುಗಿತು. ರಘುರಾಮ ಎಂದಿನಂತೆ ಹಿಡಿಯಲು ಬಗ್ಗಿದ, ಅಲಗು ಇರಬಾರದ ಕಡೆ ಇತ್ತು.

ಚರಣ್ ತೋಳಿನಲ್ಲಿದ್ದ ಕೋಳಿಯನ್ನು, ಬಾಳು ಕಟ್ಟಿದ ಕೋಳಿಯನ್ನು, ಎರಡೂ ಕೈಯಿಂದ ಎತ್ತಿ ಕಿಟ್ಟಣ್ಣನ ಮುಖಕ್ಕೆ ಎಸೆದ. ಕಿಟ್ಟಣ್ಣ ಬಲಗೈ ಅಡ್ಡ ಹಿಡಿದ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಬಾಯಿ ತೆರೆದು, ಒಳಗಿನ ಬಿಳಿ ನರ ಒಂದು ಕ್ಷಣ ಕಂಡು, ಆಮೇಲೆ ಎಲ್ಲ ಕೆಂಪಾಯಿತು. ಕೋಳಿ ಮರಳಿಗೆ ಬಿದ್ದು ಗುಂಪಿನೊಳಗೆ ನುಗ್ಗಿತು. ಜನ ಚೀರಿ ಚದುರಿದರು, ಯಾರೋ ಒಬ್ಬ ಅದನ್ನು ದೊಣ್ಣೆಯಿಂದ ಹೊಡೆದು ಜಜ್ಜಿದ. ಚರಣ್ ಅತ್ತ ತಿರುಗಿಯೂ ನೋಡಲಿಲ್ಲ. ಚಿಕ್ಕಪ್ಪನನ್ನು ಕೆಡವಿ, ಎದೆಯ ಮೇಲೆ ಕೂತು, ಮುಷ್ಟಿ ಕಟ್ಟಿ ಬಾಯಿಗೆ, ಮೂಗಿಗೆ, ಕಣ್ಣಿಗೆ ಹೊಡೆದ. ಮುಷ್ಟಿ ಸೋತಾಗ ತೆಂಗಿನ ಹೆಡೆಮಟ್ಟೆ ತೆಗೆದುಕೊಂಡ. ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ಕಿಟ್ಟಣ್ಣ ಒಂದೇ ಒಂದು ಸಲವೂ ಕೈ ಎತ್ತಲಿಲ್ಲ. ನಾನು ಹಿಂದಿನಿಂದ ಎಳೆದೆ. ಮೊಣಕೈ ಬಡಿದು ನನ್ನ ಮುಂದಿನ ಹಲ್ಲು ಹೋಯಿತು. ನಾನೂ ಸಂತನಲ್ಲ, ಚರಣ್‌ನ ಕೂದಲು ಹಿಡಿದು ಕೆನ್ನೆಗೆ ನಾಲ್ಕು ಬಾರಿಸಿದೆ. ಅಪ್ಪ ರಕ್ತ ಹರಿದು ಸತ್ತದ್ದು ಸಾಲದೇ, ಇವನೂ ಹಾಗೇ ಹೋಗಬೇಕೇ ಎಂದು ಕೂಗಿದೆ.

ಆಗ ಅವನು ಮರಳನ್ನು ನೋಡಿದ. ಚಿಕ್ಕಪ್ಪನ ಕೈಯ ಸುತ್ತ ಮರಳು ಒದ್ದೆಯಾಗಿ ಕಪ್ಪಾಗುತ್ತಿತ್ತು. ಅವನ ಮುಖದಲ್ಲಿದ್ದದ್ದೆಲ್ಲ ಇಳಿದುಹೋಯಿತು. ಅಂಗಿ ಹರಿದು ತೋಳಿಗೆ ಸುತ್ತಿ, ಅಳುತ್ತ ಬಿಗಿದ. ಅಷ್ಟರಲ್ಲಿ ಪೊಲೀಸ್ ಜೀಪು ಬಂತೆಂದು ಜನ ಓಡತೊಡಗಿದ್ದರು. ನಾವು ಮಾತ್ರ ಓಡಲಿಲ್ಲ.

ಆಸ್ಪತ್ರೆಯಲ್ಲಿ ಮೂವತ್ತೊಂದು ಹೊಲಿಗೆ ಹಾಕಿದರು. ಮೂರು ಪಕ್ಕೆಲುಬು ಮುರಿದಿತ್ತು. ಬಲಗೈಯ ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದರು. ದೋಸೆ ಹುಯ್ಯುವುದು, ಮೊಟ್ಟೆ ಮಗುಚುವುದು ಎಲ್ಲ ಅಲ್ಲಿಗೆ ಮುಗಿಯಿತು. ಯಾರು ಹೊಡೆದದ್ದು ಎಂದು ಪೊಲೀಸರು ಕೇಳಿದ್ದಕ್ಕೆ ಕಿಟ್ಟಣ್ಣ, ಕೋಳಿ ಹಾರಿತು, ನಾನು ಬಿದ್ದೆ, ಜನ ಮೇಲೆ ತುಳಿದರು ಎಂದು ತಮಿಳಿನಲ್ಲಿ ಬರೆಸಿದ. ಅವನ ಮಂಚದ ಬಳಿ ನಿಂತಿದ್ದ ಚರಣ್‌ನ ಮುಷ್ಟಿಯ ಚರ್ಮ ಸುಲಿದಿತ್ತು. ಪೊಲೀಸಪ್ಪ ಅದನ್ನು ನೋಡಿಯೂ ಪುಸ್ತಕ ಮುಚ್ಚಿದ.

ಚರಣ್ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದ. ಬುಟ್ಟಿ, ಕೆನ್ನೆಯ ಹೊಡೆತ, ಸಡಿಲ ಗಂಟು, ಅದೂ ಬೇಕೆಂದೇ, ತಾನು ಹೊಡೆದದ್ದು, ಎಲ್ಲ ಹೇಳಿದ. ಅವಳು, ಕಿಟ್ಟನಿಗೆ ಕೊಡು, ನೀನು ಹೊರಗೆ ಹೋಗು ಎಂದಳು. ಹೇಗೂ ನರ್ಸಮ್ಮ ಔಷಧಿಯ ಚೀಟಿ ಕೊಟ್ಟಿದ್ದಳು, ಅವನು ಹೋದ. ಕಿಟ್ಟಣ್ಣನ ಒಂದು ಕೈಗೆ ಬ್ಯಾಂಡೇಜು, ಇನ್ನೊಂದಕ್ಕೆ ಗ್ಲೂಕೋಸಿನ ಸೂಜಿ. ಹಾಗಾಗಿ ಫೋನನ್ನು ಅವನ ಕಿವಿಗೆ ಹಿಡಿದದ್ದು ನಾನು, ಕೇಳಿಸಿಕೊಂಡದ್ದೂ ನಾನು.

ಬೈಗುಳ ಬರುತ್ತದೆ, ಶಾಪ ಬರುತ್ತದೆ ಎಂದು ಅವನು ಕಣ್ಣು ಮುಚ್ಚಿ ಕಾದ.

"ಕಿಟ್ಟ," ಎಂದಳು ರತ್ನಾವತಿ. "ಆ ಬುಟ್ಟಿ ಮುಚ್ಚದೆ ಬಿಟ್ಟದ್ದ್ ನೀನಲ್ಲ, ನಾನ್. ಹೇಂಟೆಗೆ ಅಕ್ಕಿ ಹಾಕೂಕೆ ತೆಗ್ದವಳ್ ಕಲ್ಲ್ ಇಡೂಕೆ ಮರ್ತೆ. ಅವ್ರ್ ನಿಂಗೆ ಹೊಡುವತ್ತಿಗೆ ನಾನ್ ಬಾಗ್ಲಲ್ಲೇ ನಿಂತಿದ್ದೆ. ನಂಗೂ ಹೊಡಿತ್ರ್ ಅಂತ ಹೆದ್ರಿ ಬಾಯಿ ಬಿಡ್ಲಿಲ್ಲ."

ಅವಳ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಇಪ್ಪತ್ತಾರು ವರ್ಷ ಈ ಮನುಷ್ಯ ಕಳಿಸಿದ್ದನ್ನು ಉಂಡು, ಒಂದು ಮಾತು ಹೇಳದೆ ಇದ್ದಳಲ್ಲ. ಅವನು ಎಷ್ಟು ಹುಂಜಗಳ ಕತ್ತು ಮುರಿದನೋ, ಎಷ್ಟು ಬೆಳಿಗ್ಗೆ ತನ್ನ ಕೈಯನ್ನೇ ತಾನು ದ್ವೇಷಿಸಿದನೋ ಅವಳಿಗೆ ಗೊತ್ತಿಲ್ಲ. ಕಿಟ್ಟಣ್ಣನ ಊದಿದ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ನನ್ನ ಬೆರಳಿಗೆ ತಾಗಿತು. ಅವನು ಹೇಳಿದ್ದು ಇಷ್ಟೇ, ಆಯಿತು ಅತ್ತಿಗೆ, ನೀವು ಊಟ ಮಾಡಿ ಮಲಗಿ.

ಚರಣ್ ಔಷಧಿಯ ಪೊಟ್ಟಣ ಹಿಡಿದು ಒಳಗೆ ಬಂದ. ಸ್ಟೂಲು ಎಳೆದು ಕೂತು, ತಲೆ ತಗ್ಗಿಸಿ ಕೇಳಿದ, "ಅಮ್ಮ ಎಂತ ಹೇಳ್ರ್?"

ಒಂದು ಮಾತು ಸಾಕಿತ್ತು. ಆ ಹೊಡೆತಗಳಲ್ಲಿ ಅರ್ಧ ಅವಳ ಪಾಲಿಗೆ ಹೋಗುತ್ತಿದ್ದವು. ನಾನು ಬಾಯಿ ತೆರೆದೇಬಿಟ್ಟೆ. ಕಿಟ್ಟಣ್ಣ ಆ ಊದಿದ ಕಣ್ಣಿನಲ್ಲೇ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

"ನಿಂಗೆ ಬೈದ್ರ್," ಎಂದ ಕಿಟ್ಟಣ್ಣ, ಒಡೆದ ತುಟಿಯಲ್ಲಿ ನಿಧಾನವಾಗಿ. "ಅಪ್ಪಯ್ಯನ್ ಹಾಂಗೆ ನೀನೂ ಕೈ ಎತ್ತೂಕೆ ಕಲ್ತ್ಯಾ ಅಂತ ಬೈದ್ರ್."

ಚರಣ್ ಹೂಂ ಎಂದು, ಸುಲಿದ ಕೈಯಿಂದ ಮಾತ್ರೆಯೊಂದನ್ನು ಬಿಡಿಸಿ ಅವನ ಬಾಯಿಗೆ ಹಾಕಿ, ನೀರು ಕುಡಿಸಿದ.